ಖಾನಾಪುರದ ಮಳೆ, ಪೈಥಾನಿನ ಫೈಲು: ಓದು–ಬರಹದ ವೇಗ ಅಳೆಯುವ ಬಗೆ

ಖಾನಾಪುರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ಮಲಪ್ರಭೆ ಹುಟ್ಟುವ ಕಣಕುಂಬಿ ಇದೆ. ಪೂರ್ವಕ್ಕೆ ಬಂದರೆ ಬೀಡಿ, ಪಾರಿಶ್ವಾಡದ ಬಯಲು. ಒಂದೇ ತಾಲ್ಲೂಕಾದರೂ ಆ ತುದಿಯ ಮಳೆಗೂ ಈ ತುದಿಯ ಮಳೆಗೂ ಹೋಲಿಕೆಯೇ ಇಲ್ಲ. ತಾಲ್ಲೂಕಿನ ಸರಾಸರಿ ಎಂಬ ಒಂದು ಅಂಕಿ ಇಟ್ಟುಕೊಂಡು ಇಲ್ಲಿ ಏನನ್ನೂ ಹೇಳಲಾಗದು. ಊರೂರಿನ ಲೆಕ್ಕ ಬೇಕು. ಆ ಕೆಲಸಕ್ಕೆಂದೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಕೂರಿಸಿ, 15 ನಿಮಿಷಕ್ಕೊಮ್ಮೆ ಮಾಹಿತಿ ತರಿಸಿಕೊಳ್ಳುವ ವ್ಯವಸ್ಥೆ ಮಾಡಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾದ ಸಂಸ್ಥೆ ಇದು.

ಇಂಥ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಕೂಡಿಸಿಟ್ಟರೆ ಎಷ್ಟಾಗುತ್ತದೆ? ಒಂದು ಮಾಪಕ ದಿನಕ್ಕೆ 96 ಸಲ ಅಳತೆ ಕೊಡುತ್ತದೆ. ಅಭ್ಯಾಸಕ್ಕೆಂದು 50 ಮಾಪಕ ಇವೆ ಎಂದುಕೊಳ್ಳೋಣ. ದಿನಕ್ಕೆ 4,800 ಸಾಲು, ವರ್ಷಕ್ಕೆ 17,52,000 ಸಾಲು, ಹತ್ತು ವರ್ಷಕ್ಕೆ 1,75,20,000 ಸಾಲು. ಊರಿನ ಹೆಸರು, ದಿನಾಂಕ, ಸಮಯ, ಮಿಲಿಮೀಟರು ಸೇರಿ ಒಂದು ಸಾಲಿಗೆ 40 ಬೈಟ್ ಹಿಡಿದರೆ ಫೈಲಿನ ಗಾತ್ರ ಸುಮಾರು 700 ಎಂಬಿ. ಎಕ್ಸೆಲ್‌ನ ಒಂದು ಶೀಟಿನಲ್ಲಿ ಹಿಡಿಯುವುದು 10,48,576 ಸಾಲು ಮಾತ್ರ. ಅಂದಮೇಲೆ ಪ್ರೋಗ್ರಾಂ ಬರೆಯುವುದು ಅನಿವಾರ್ಯ.

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದು ಹೊರಟರೆ ಉದ್ಯಮಬಾಗದ ಗೋಗಟೆ ತಾಂತ್ರಿಕ ಕಾಲೇಜು, ಮುಂದೆ ಮಚ್ಛೆಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸಿಗುತ್ತವೆ. ಈ ರಸ್ತೆಯಲ್ಲಿ ದಿನವೂ ಓಡಾಡುವ ವಿದ್ಯಾರ್ಥಿಗಳಲ್ಲಿ ಬಹಳ ಜನ ಇಂದು ಪೈಥಾನ್ ಕಲಿಯುತ್ತಾರೆ. ಪ್ರಾಜೆಕ್ಟ್ ಕಾಲ ಬಂದಾಗ ಈ ಗಾತ್ರದ ಫೈಲು ಎದುರಾಗುತ್ತದೆ, ಜೊತೆಗೇ ಪ್ರಶ್ನೆಯೂ ಬರುತ್ತದೆ: ಫೈಲನ್ನು ಒಟ್ಟಿಗೆ ಓದಬೇಕೋ, ಸಾಲುಸಾಲಾಗಿ ಓದಬೇಕೋ, ಪಾಂಡಾಸ್ ಎಂಬ ಲೈಬ್ರರಿ ಬಳಸಬೇಕೋ, ಯಾವುದು ವೇಗ? ಉತ್ತರಕ್ಕಾಗಿ ಎಲ್ಲರೂ ಅಳೆಯುತ್ತಾರೆ. ಆ ಅಳತೆಗಳಲ್ಲಿ ಬಹುಪಾಲು ತಪ್ಪಿರುತ್ತವೆ, ಏಕೆಂದರೆ ಅಳೆದ ಹೊತ್ತಿನಲ್ಲಿ ಫೈಲು ಎಲ್ಲಿತ್ತು ಎಂಬುದನ್ನು ಯಾರೂ ಕೇಳಿರುವುದಿಲ್ಲ. ಡಿಸ್ಕಿನಲ್ಲಿತ್ತೋ, ಮೆಮೊರಿಯಲ್ಲಿತ್ತೋ? ಫೈಲಿನ ವೇಗ ಅಳೆಯುವವರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಮೊದಲ ಓದು, ಎರಡನೇ ಓದು

ಮಳೆಯ ಫೈಲನ್ನು ಒಮ್ಮೆ ಓದಿ, ಅದೇ ಪ್ರೋಗ್ರಾಂ ಅನ್ನು ಕೂಡಲೇ ಮತ್ತೊಮ್ಮೆ ಓಡಿಸಿ ನೋಡಿ. ಎರಡನೆಯ ಸಲ ಬೇಗ ಮುಗಿಯುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಂತೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನಿಮ್ಮ ಕೋಡು ಬದಲಾಗಿಲ್ಲ. ಆಪರೇಟಿಂಗ್ ಸಿಸ್ಟಂ ಒಮ್ಮೆ ಡಿಸ್ಕಿನಿಂದ ತಂದ ಫೈಲನ್ನು ಖಾಲಿ ಇರುವ ರ‍್ಯಾಮಿನಲ್ಲಿ ಇಟ್ಟುಕೊಂಡಿರುತ್ತದೆ. ಇದೇ ಪೇಜ್ ಕ್ಯಾಶ್. ಕಪಾಟಿನಿಂದ ತೆಗೆದ ಪುಸ್ತಕ ಮೇಜಿನ ಮೇಲೇ ಉಳಿದ ಹಾಗೆ. ಮತ್ತೆ ಬೇಕೆಂದಾಗ ಎದ್ದು ಹೋಗುವ ಕೆಲಸವಿಲ್ಲ. ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು ‘ಫ್ರೀ’ ಕಮಾಂಡ್ ಕೊಟ್ಟರೆ ‘ಬಫ್/ಕ್ಯಾಶ್’ ಎಂಬ ಕಾಲಂ ಕಾಣುತ್ತದೆ. ಫೈಲು ಓದುವ ಮೊದಲು ಅದನ್ನು ಒಮ್ಮೆ, ಓದಿದ ಮೇಲೆ ಇನ್ನೊಮ್ಮೆ ನೋಡಿ. ಆ ಕಾಲಂ ಸುಮಾರು 700 ಎಂಬಿ ಏರಿರುವುದನ್ನು ಕಣ್ಣಾರೆ ಕಂಡರೆ ಈ ವಿಷಯ ಮತ್ತೆ ಮರೆಯುವುದಿಲ್ಲ.

ಇದನ್ನು ಅರಿಯದೆ ಅಳೆದರೆ ಏನಾಗುತ್ತದೆ ನೋಡಿ. ವಿದ್ಯಾರ್ಥಿ ಮೊದಲು ಸಾಲುಸಾಲಾಗಿ ಓದುವ ಕೋಡು ಓಡಿಸುತ್ತಾನೆ, ಅದು ಡಿಸ್ಕಿನಿಂದ ಓದುತ್ತದೆ. ಆಮೇಲೆ ಒಟ್ಟಿಗೆ ಓದುವ ಕೋಡು ಓಡಿಸುತ್ತಾನೆ, ಅದು ರ‍್ಯಾಮಿನಿಂದ ಓದುತ್ತದೆ. ‘ಒಟ್ಟಿಗೆ ಓದುವುದೇ ವೇಗ’ ಎಂದು ವರದಿಯಲ್ಲಿ ಬಾರ್ ಚಾರ್ಟ್ ಬರುತ್ತದೆ. ಓಡಿಸುವ ಕ್ರಮ ತಿರುವುಮುರುವಾಗಿದ್ದರೆ ಚಾರ್ಟು ಸಹ ತಿರುವುಮುರುವಾಗುತ್ತಿತ್ತು.

ಪ್ರತಿ ಸಲವೂ ಡಿಸ್ಕಿನಿಂದಲೇ ಓದಿಸಬೇಕೆಂದರೆ ಕ್ಯಾಶ್ ಖಾಲಿ ಮಾಡಬೇಕು. ಲಿನಕ್ಸ್‌ನಲ್ಲಿ ಮೊದಲು ‘ಸಿಂಕ್’ ಕಮಾಂಡ್ ಕೊಟ್ಟು, ಬಳಿಕ ರೂಟ್ ಅಧಿಕಾರದಲ್ಲಿ ‘ಪ್ರೋಕ್’ ಒಳಗಿನ ‘ಸಿಸ್’, ಅದರೊಳಗಿನ ‘ವಿಎಂ’ ಫೋಲ್ಡರಿನಲ್ಲಿರುವ ‘ಡ್ರಾಪ್ ಕ್ಯಾಶಸ್’ ಫೈಲಿಗೆ 3 ಎಂಬ ಅಂಕಿ ಬರೆಯುವುದು ರೂಢಿಯ ದಾರಿ. ಕಾಲೇಜು ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ರೂಟ್ ಪಾಸ್‌ವರ್ಡ್ ಕೊಡುವುದಿಲ್ಲ, ಕೊಡಲೂಬಾರದು. ಅಲ್ಲಿಗೆ ಪೈಥಾನಿನ ಓಎಸ್ ಮಾಡ್ಯೂಲಿನಲ್ಲೇ ಒಂದು ಉಪಾಯವಿದೆ: ‘ಪೋಸಿಕ್ಸ್ ಎಫ್‌ಅಡ್ವೈಸ್’ ಎಂಬ ಫಂಕ್ಷನ್ನಿಗೆ ‘ಡೋಂಟ್ ನೀಡ್’ ಸೂಚನೆ ಕೊಟ್ಟರೆ ಆ ಒಂದು ಫೈಲನ್ನು ಕ್ಯಾಶಿನಿಂದ ಬಿಡುವಂತೆ ಕರ್ನಲ್‌ಗೆ ಕೇಳಿಕೊಂಡಂತಾಗುತ್ತದೆ. ರೂಟ್ ಅಧಿಕಾರ ಬೇಡ, ಪಕ್ಕದವರ ಕೆಲಸಕ್ಕೂ ತೊಂದರೆಯಿಲ್ಲ. ವಿಂಡೋಸ್‌ನಲ್ಲಾದರೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಕಟ್ಟಿನಲ್ಲಿರುವ ‘ರ‍್ಯಾಮ್‌ಮ್ಯಾಪ್’ ಇದೇ ಕೆಲಸಕ್ಕೆ ಬರುತ್ತದೆ. ಇದಾವುದೂ ಆಗದಿದ್ದರೆ ಯಂತ್ರವನ್ನು ರೀಸ್ಟಾರ್ಟ್ ಮಾಡಿ ಅಳೆಯಿರಿ. ನಿಧಾನ, ಆದರೆ ನಂಬಬಹುದು.

ಕ್ಯಾಶಿನಿಂದ ಓದಿದ ಅಳತೆ ಸುಳ್ಳು ಎಂದು ಮಾತ್ರ ತಿಳಿಯಬೇಡಿ. ದಿನಕ್ಕೊಮ್ಮೆ ಬೆಳಿಗ್ಗೆ ಓಡುವ ಪ್ರೋಗ್ರಾಂಗೆ ಕೋಲ್ಡ್, ಅಂದರೆ ಡಿಸ್ಕಿನಿಂದ ಓದಿದ ಅಳತೆ ಬೇಕು. ಅದೇ ಫೈಲನ್ನು ಮತ್ತೆ ಮತ್ತೆ ತಡಕುವ ಪ್ರೋಗ್ರಾಂಗೆ ವಾರ್ಮ್, ಅಂದರೆ ಕ್ಯಾಶಿನಿಂದ ಓದಿದ ಅಳತೆಯೇ ಸರಿ. ಎರಡನ್ನೂ ಬೇರೆ ಬೇರೆಯಾಗಿ ಅಳೆದು, ಯಾವುದು ಯಾವುದೆಂದು ಹೆಸರಿಟ್ಟು ಬರೆಯಿರಿ. ಬೆರೆಸಿದರೆ ಮಾತ್ರ ತಪ್ಪು.

ಗಡಿಯಾರ ಯಾವುದು, ಎಷ್ಟು ಸಲ

ಪೈಥಾನಿನಲ್ಲಿ ಸಮಯ ತಿಳಿಯಲು ‘ಟೈಮ್’ ಎಂಬ ಹಳೆಯ ಫಂಕ್ಷನ್ ಇದೆ, ಎಲ್ಲರೂ ಅದನ್ನೇ ಬಳಸುತ್ತಾರೆ. ಅದು ಗೋಡೆ ಗಡಿಯಾರ. ಇಂಟರ್‌ನೆಟ್ ಸಮಯಕ್ಕೆ ಯಂತ್ರ ತನ್ನ ಗಡಿಯಾರ ಸರಿಪಡಿಸಿಕೊಂಡರೆ ನಡುವೆಯೇ ಹಿಂದೆ ಮುಂದೆ ಜಿಗಿಯಬಹುದು. ಅಳೆಯುವುದಕ್ಕೆಂದೇ ಪೈಥಾನ್ 3.3ರಲ್ಲಿ ‘ಪರ್ಫ್ ಕೌಂಟರ್’ ಬಂದಿದೆ. ಅದು ಮುಂದಕ್ಕೆ ಮಾತ್ರ ಓಡುತ್ತದೆ, ಸೂಕ್ಷ್ಮವೂ ಹೌದು. ಅದನ್ನೇ ಬಳಸಿ.

ಒಂದೇ ಸಲ ಅಳೆದ ಅಂಕಿಯನ್ನು ವರದಿಗೆ ಹಾಕಬೇಡಿ. ನಡುವೆ ಆ್ಯಂಟಿವೈರಸ್ ಏಳುತ್ತದೆ, ಅಪ್‌ಡೇಟ್ ಇಳಿಯುತ್ತದೆ, ಬ್ರೌಸರಿನ ಟ್ಯಾಬೊಂದು ಎಚ್ಚರಗೊಳ್ಳುತ್ತದೆ. ಡಿಸ್ಕಿನ ಅಳತೆಗೆ ಹತ್ತಾರು ಸಲ ಓಡಿಸಿ ನಡುವಿನ ಅಂಕಿ, ಅಂದರೆ ಮೀಡಿಯನ್ ತೆಗೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯದು. ಜೊತೆಗೆ ಅತಿ ಕಡಿಮೆ, ಅತಿ ಹೆಚ್ಚು ಎಷ್ಟೆಂಬುದನ್ನೂ ಕೊಡಬೇಕು. ಫೈಲು ಪೂರ್ತಿ ಕ್ಯಾಶಿನಲ್ಲಿದ್ದು ಕೋಡಿನ ಕೆಲಸವನ್ನಷ್ಟೇ ಹೋಲಿಸುವಾಗ ಅತಿ ಕಡಿಮೆ ಸಮಯವನ್ನು ಹಿಡಿಯಬಹುದು. ಎರಡು ವಿಧಾನಗಳನ್ನು ಹೋಲಿಸುವಾಗ ಮೊದಲನೆಯದನ್ನೇ ಹತ್ತು ಸಲ, ಆಮೇಲೆ ಎರಡನೆಯದನ್ನು ಹತ್ತು ಸಲ ಓಡಿಸದೆ ಒಂದಾದ ಮೇಲೊಂದು ಅದಲುಬದಲು ಓಡಿಸಿ. ಲ್ಯಾಪ್‌ಟಾಪ್ ಬಿಸಿಯಾಗಿ ನಿಧಾನವಾದರೆ ಆ ಪೆಟ್ಟು ಎರಡಕ್ಕೂ ಸಮನಾಗಿ ಬೀಳುತ್ತದೆ. ಇದನ್ನೆಲ್ಲ ಕೈಯಾರೆ ಮಾಡಲು ಬೇಸರವೆನಿಸಿದರೆ ‘ಹೈಪರ್‌ಫೈನ್’ ಎಂಬ ಉಚಿತ ಸಾಧನವಿದೆ. ಎಷ್ಟು ಸಲ ಓಡಿಸಬೇಕು, ಪ್ರತಿ ಸಲಕ್ಕೂ ಮೊದಲು ಯಾವ ಕಮಾಂಡ್ ಕೊಟ್ಟು ಕ್ಯಾಶ್ ಖಾಲಿ ಮಾಡಬೇಕು ಎಂಬುದನ್ನು ಹೇಳಿದರೆ ಅದೇ ಮಾಡುತ್ತದೆ.

ತಪ್ಪು ಡಿಸ್ಕಿನದೋ, ಕೋಡಿನದೋ

ಈಗ ನಮ್ಮ 700 ಎಂಬಿ ಫೈಲಿನ ಲೆಕ್ಕ ಹಾಕೋಣ. ಹಾರ್ಡ್ ಡಿಸ್ಕ್ ಒಂದೇ ಸಮನೆ ಓದುವಾಗ ಸೆಕೆಂಡಿಗೆ 100 ಎಂಬಿ ಕೊಟ್ಟರೆ 7 ಸೆಕೆಂಡ್ ಬೇಕು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿಯ ಹತ್ತಿರ ಕೊಡುತ್ತದೆ, ಒಂದೂವರೆ ಸೆಕೆಂಡಿನೊಳಗೆ ಮುಗಿಯುತ್ತದೆ. ಎನ್‌ವಿಎಂಇ ಡಿಸ್ಕಿನಲ್ಲಿ ಇನ್ನೂ ಕಡಿಮೆ. ಆದರೆ ಓದಿದ ಸಾಲನ್ನು ಅಲ್ಪವಿರಾಮದಲ್ಲಿ ಒಡೆದು, ಮಿಲಿಮೀಟರನ್ನು ಅಂಕಿಯಾಗಿ ಬದಲಿಸುವ ಕೆಲಸ ಪೈಥಾನಿನದು. ಒಂದು ಸಾಲಿಗೆ ಒಂದೇ ಮೈಕ್ರೋಸೆಕೆಂಡ್ ಹಿಡಿದರೂ ಒಂದು ಮುಕ್ಕಾಲು ಕೋಟಿ ಸಾಲಿಗೆ 17 ಸೆಕೆಂಡ್ ದಾಟುತ್ತದೆ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಕಾಯಿಸುತ್ತಿರುವುದು ಡಿಸ್ಕಲ್ಲ, ನಮ್ಮ ಲೂಪು. ಅಲ್ಲಿ ಇನ್ನೂ ದುಬಾರಿ ಡಿಸ್ಕ್ ಕೊಂಡರೆ ದುಡ್ಡು ದಂಡ.

ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಲಿನಕ್ಸ್‌ನಲ್ಲಿ ಪ್ರೋಗ್ರಾಂನ ಹೆಸರಿನ ಮುಂದೆ ‘ಟೈಮ್’ ಎಂದು ಸೇರಿಸಿ ಓಡಿಸಿದರೆ ಕೊನೆಗೆ ಮೂರು ಸಾಲು ಬರುತ್ತವೆ. ‘ರಿಯಲ್’ ಎಂದರೆ ಒಟ್ಟು ಕಳೆದ ಸಮಯ. ‘ಯೂಸರ್’ ಎಂದರೆ ನಿಮ್ಮ ಕೋಡು ಪ್ರೊಸೆಸರಿನಲ್ಲಿ ಕಳೆದದ್ದು. ‘ಸಿಸ್’ ಎಂದರೆ ನಿಮ್ಮ ಪರವಾಗಿ ಕರ್ನಲ್ ಕಳೆದದ್ದು. ರಿಯಲ್ 20 ಸೆಕೆಂಡ್ ಇದ್ದು, ಯೂಸರ್ ಮತ್ತು ಸಿಸ್ ಸೇರಿ 19 ಆದರೆ ಡಿಸ್ಕಿನ ಮೇಲೆ ದೂರು ಹೇಳಬೇಡಿ. ರಿಯಲ್ 20 ಇದ್ದು ಉಳಿದೆರಡು ಸೇರಿ 6 ಮಾತ್ರ ಇದ್ದರೆ, ಮಿಕ್ಕ 14 ಸೆಕೆಂಡ್ ಪ್ರೋಗ್ರಾಂ ಸುಮ್ಮನೆ ಕಾದಿದೆ. ಅಲ್ಲಿ ಡಿಸ್ಕನ್ನು ವಿಚಾರಿಸಬೇಕು. ಸಿಸ್ ಒಂದೇ ವಿಪರೀತ ಏರಿದ್ದರೆ ಸಣ್ಣ ಸಣ್ಣ ತುಣುಕುಗಳಲ್ಲಿ ಓದುತ್ತ, ಕರ್ನಲ್‌ಗೆ ಲಕ್ಷಾಂತರ ಸಲ ಕರೆ ಹೋಗುತ್ತಿದೆ ಎಂದು ಶಂಕಿಸಬಹುದು. ‘ಎಸ್‌ಟ್ರೇಸ್’ ಸಾಧನದಿಂದ ಆ ಕರೆಗಳನ್ನು ಎಣಿಸಬಹುದು. ಪ್ರೋಗ್ರಾಂ ಒಳಗೇ ಈ ವ್ಯತ್ಯಾಸ ಬೇಕಾದರೆ ಪರ್ಫ್ ಕೌಂಟರ್ ಜೊತೆಗೆ ‘ಪ್ರೊಸೆಸ್ ಟೈಮ್’ ಎಂಬ ಫಂಕ್ಷನ್ ಇಟ್ಟು ಎರಡನ್ನೂ ಹೋಲಿಸಿ. ನನ್ನನ್ನು ಕೇಳಿದರೆ, ಬೇರೇನೂ ಅಳೆಯದಿದ್ದರೂ ಈ ಮೂರು ಸಾಲನ್ನು ಓದಲು ಪ್ರತಿಯೊಬ್ಬ ಕಂಪ್ಯೂಟರ್ ವಿದ್ಯಾರ್ಥಿಗೂ ಬರಬೇಕು.

ಒಟ್ಟಿಗೆ ಓದುವುದರ ಬಗ್ಗೆ ಒಂದು ಎಚ್ಚರಿಕೆ. ‘ರೀಡ್‌ಲೈನ್ಸ್’ ಎಲ್ಲ ಸಾಲುಗಳನ್ನೂ ಒಂದು ಪಟ್ಟಿಗೆ ತುಂಬುತ್ತದೆ. ಪೈಥಾನಿನಲ್ಲಿ ಪ್ರತಿ ಸ್ಟ್ರಿಂಗ್‌ಗೂ ಅಕ್ಷರಗಳಲ್ಲದೆ 40ಕ್ಕೂ ಹೆಚ್ಚು ಬೈಟ್‌ಗಳ ಹೊರೆ ಇರುತ್ತದೆ, ಪಟ್ಟಿಯಲ್ಲಿ ಅದರ ವಿಳಾಸಕ್ಕೆ ಮತ್ತೆ 8 ಬೈಟ್. ಹೀಗೆ 700 ಎಂಬಿ ಫೈಲು ಮೆಮೊರಿಯಲ್ಲಿ ಒಂದೂವರೆ ಜಿಬಿ ದಾಟುತ್ತದೆ. ಲ್ಯಾಬಿನಲ್ಲಿ 4 ಜಿಬಿ ರ‍್ಯಾಮಿನ ಹಳೆಯ ಯಂತ್ರವಿದ್ದರೆ ಅದು ಸ್ವಾಪ್ ಮಾಡಲು, ಅಂದರೆ ಮೆಮೊರಿಯಲ್ಲಿ ಹಿಡಿಯದ್ದನ್ನು ಡಿಸ್ಕಿಗೆ ಇಳಿಸಲು ಶುರುಮಾಡಿ, ನೀವು ಅಳೆಯುತ್ತಿರುವುದು ಮಳೆಯ ಫೈಲಿನ ಓದನ್ನೋ ಸ್ವಾಪಿನ ಒದ್ದಾಟವನ್ನೋ ತಿಳಿಯದಂತಾಗುತ್ತದೆ. ಸಾಲುಸಾಲಾಗಿ ಓದುವ ಸಾದಾ ಫಾರ್ ಲೂಪಿಗೆ ಈ ತೊಂದರೆ ಇಲ್ಲ. ಒಳಗೆ ಬಫರ್ ಇರುವುದರಿಂದ ಅದು ಜನ ಅಂದುಕೊಂಡಷ್ಟು ನಿಧಾನವೂ ಅಲ್ಲ.

ಕನ್ನಡ ಅಕ್ಷರದ ತೂಕ

ನಮ್ಮ ಫೈಲುಗಳಿಗೆ ಒಂದು ವಿಶೇಷವಿದೆ, ಇಂಗ್ಲಿಷಿನ ಪಠ್ಯಪುಸ್ತಕಗಳು ಅದರ ಗೋಜಿಗೆ ಹೋಗುವುದಿಲ್ಲ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಕಣಕುಂಬಿ’ ಎಂದು ಬರೆದರೆ ಕ, ಣ, ಕ, ಉಕಾರ, ಸೊನ್ನೆ, ಬ, ಇಕಾರ ಸೇರಿ 7 ಸಂಕೇತ, 21 ಬೈಟ್. ಇದೇ ಹೆಸರು ಇಂಗ್ಲಿಷಿನಲ್ಲಿ 9 ಬೈಟ್. ಪ್ರತಿ ಸಾಲಿಗೂ 12 ಬೈಟ್ ಹೆಚ್ಚಾದರೆ ಹತ್ತು ವರ್ಷದ ಫೈಲು ಸುಮಾರು 210 ಎಂಬಿ ಊದಿಕೊಳ್ಳುತ್ತದೆ. ಗಾತ್ರವಷ್ಟೇ ಅಲ್ಲ: ಪೂರ್ತಿ ಇಂಗ್ಲಿಷ್ ಅಕ್ಷರಗಳಿರುವ ಪಠ್ಯವನ್ನು ಪೈಥಾನ್ ವೇಗದ ದಾರಿಯಲ್ಲಿ ಬಿಡಿಸುತ್ತದೆ, ಮೆಮೊರಿಯಲ್ಲಿ ಅಕ್ಷರಕ್ಕೆ 1 ಬೈಟಿನಂತೆ ಇಡುತ್ತದೆ. ಸಾಲಿನಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಆ ಇಡೀ ಸ್ಟ್ರಿಂಗು ಅಕ್ಷರಕ್ಕೆ 2 ಬೈಟ್ ಆಗುತ್ತದೆ.

ಇದರರ್ಥ ಕನ್ನಡ ಬಿಡಬೇಕೆಂದಲ್ಲ, ಖಂಡಿತ ಅಲ್ಲ. ಪ್ರತಿ ಸಾಲಿನಲ್ಲೂ ಊರಿನ ಸಂಖ್ಯೆ ಇಟ್ಟು, ಸಂಖ್ಯೆಗೂ ಕನ್ನಡದ ಹೆಸರಿಗೂ ನಂಟು ತೋರಿಸುವ ಪುಟ್ಟ ಫೈಲನ್ನು ಬೇರೆ ಇಟ್ಟರೆ ಎರಡೂ ಸಿಗುತ್ತವೆ. ಆದರೆ ನಿಮ್ಮ ನಿಜವಾದ ಫೈಲಿನಲ್ಲಿ ಕನ್ನಡ ಇದ್ದರೆ ಪರೀಕ್ಷೆಯ ಫೈಲಿನಲ್ಲೂ ಅಷ್ಟೇ ಕನ್ನಡ ಇರಬೇಕು. ಬಿಡಿಸುವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತೆಂದು ತಿಳಿಯಲು ಫೈಲನ್ನು ಒಮ್ಮೆ ಬೈನರಿ ರೀತಿಯಲ್ಲಿ, ಒಮ್ಮೆ ಪಠ್ಯ ರೀತಿಯಲ್ಲಿ ಓದಿ ಕಳೆದು ನೋಡಿ. ವಿಂಡೋಸ್‌ನಲ್ಲಿ ಓಪನ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಲು ಮರೆಯಬೇಡಿ, ಇಲ್ಲದಿದ್ದರೆ ವೇಗದ ಮಾತು ಹಾಗಿರಲಿ, ಅಕ್ಷರವೇ ಕೆಡಬಹುದು.

ಪರೀಕ್ಷೆಗೆಂದು ಬರೀ ಸೊನ್ನೆ ತುಂಬಿದ ಫೈಲು ಮಾಡುವವರಿದ್ದಾರೆ. ಕೆಲವು ಫೈಲ್ ಸಿಸ್ಟಂಗಳು ಒಳಗೊಳಗೇ ಕಂಪ್ರೆಸ್ ಮಾಡುತ್ತವೆ. ಅಲ್ಲಿ ಸೊನ್ನೆಗಳ ಫೈಲು ಡಿಸ್ಕನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಮಳೆಯ ಫೈಲಿನಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಸಾಲುಗಟ್ಟಲೆ ಸೊನ್ನೆ, ಜುಲೈನಲ್ಲಿ ತರಹೇವಾರಿ ಅಂಕಿ. ಎರಡೂ ಬೆರೆತ ಫೈಲೇ ಪರೀಕ್ಷೆಗೆ ಬೇಕು.

ಬರೆದದ್ದು ಉಳಿಯಿತೇ

ಓದುವುದಕ್ಕಿಂತ ಬರೆಯುವುದರ ಅಳತೆ ಹೆಚ್ಚು ಮೋಸ ಮಾಡುತ್ತದೆ. ಪೈಥಾನಿನಲ್ಲಿ ‘ರೈಟ್’ ಎಂದಾಗ ಅಕ್ಷರಗಳು ಮೊದಲು ಪೈಥಾನಿನ ಸ್ವಂತ ಬಫರಿಗೆ ಬೀಳುತ್ತವೆ. ಅದು ತುಂಬಿದಾಗ, ಅಥವಾ ‘ಫ್ಲಶ್’ ಎಂದಾಗ ಆಪರೇಟಿಂಗ್ ಸಿಸ್ಟಂ ಕೈಗೆ, ಅಂದರೆ ಮತ್ತೆ ಪೇಜ್ ಕ್ಯಾಶಿಗೆ ಹೋಗುತ್ತವೆ. ಡಿಸ್ಕಿಗೆ ಇಳಿಯುವುದು ಆಮೇಲೆ. ಲಿನಕ್ಸ್‌ನ ಮೂಲ ಸೆಟ್ಟಿಂಗಿನಲ್ಲಿ ಬರೆದದ್ದು 30 ಸೆಕೆಂಡಿನಷ್ಟು ಹೊತ್ತು ರ‍್ಯಾಮಿನಲ್ಲೇ ಕೂತಿರಬಹುದು. ಈಗಲೇ ಡಿಸ್ಕಿಗೆ ಇಳಿಸು ಎಂದು ಹೇಳುವುದಕ್ಕೆ ‘ಎಫ್‌ಸಿಂಕ್’ ಬೇಕು. ‘ನನ್ನ ಪ್ರೋಗ್ರಾಂ ಸೆಕೆಂಡಿಗೆ 2 ಜಿಬಿ ಬರೆಯಿತು’ ಎಂದು ಯಾರಾದರೂ ಹೇಳಿದರೆ ಎಫ್‌ಸಿಂಕ್ ಮಾಡಿದಿರಾ ಎಂದು ಕೇಳಿ. ಸೂಪರ್‌ಕಂಪ್ಯೂಟರುಗಳ ಸಂಗ್ರಹ ವ್ಯವಸ್ಥೆಗಳನ್ನು 2017ರಿಂದ ಶ್ರೇಣೀಕರಿಸುತ್ತಿರುವ ‘ಐಒ500’ ಪಟ್ಟಿಯಲ್ಲೂ ಬರೆಯುವ ಹಂತ ಕನಿಷ್ಠ 300 ಸೆಕೆಂಡ್ ನಡೆಯಬೇಕೆಂಬ ನಿಯಮವಿದೆ. ಕ್ಯಾಶಿನ ಬಲದಲ್ಲಿ ಗೆಲ್ಲಬಾರದೆಂಬುದೇ ಅದರ ಉದ್ದೇಶ.

ಖಾನಾಪುರದಲ್ಲಿ ಇದು ಪುಸ್ತಕದ ವಿಷಯವಲ್ಲ. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿ ಕಡೆಯ ಕಾಡಿನಲ್ಲಿ ಮರ ಉರುಳಿ ಲೈನು ಹರಿದರೆ ಕರೆಂಟು ಹೋಗುತ್ತದೆ, ಮತ್ತು ಅದು ಹೋಗುವುದು ಜೋರು ಮಳೆ ಬಿದ್ದಾಗಲೇ. ಪೈಥಾನಿನ ಬಫರ್ ಬಹುಕಾಲ ಸಾಮಾನ್ಯವಾಗಿ 8,192 ಬೈಟ್ ಇತ್ತು, ಆ ಗಾತ್ರವನ್ನೇ ಹಿಡಿಯೋಣ. ನಮ್ಮ ಲೆಕ್ಕದ ಸಾಲು ಅದರಲ್ಲಿ ಸುಮಾರು 200 ಹಿಡಿಯುತ್ತವೆ. 50 ಮಾಪಕಗಳಿಂದ ತಾಸಿಗೆ ಬರುವುದೂ 200 ಸಾಲು. ಎಂದರೆ ಮಳೆ ದಾಖಲಿಸುವ ಕಂಪ್ಯೂಟರಿಗೆ ಯುಪಿಎಸ್ ಇಲ್ಲದೆ, ಕೋಡಿನಲ್ಲಿ ಫ್ಲಶ್ ಸಹ ಇಲ್ಲದೆ ಕರೆಂಟು ಹೋದರೆ ಇಡೀ ತಾಲ್ಲೂಕಿನ ಒಂದು ತಾಸಿನ ಮಳೆ, ಅದೂ ಆ ದಿನದ ಅತಿ ಜೋರಿನ ಮಳೆ, ಲೆಕ್ಕದಿಂದ ಕಾಣೆಯಾಗಬಹುದು.

ಹಾಗಾದರೆ ಪ್ರತಿ ಸಾಲಿಗೂ ಎಫ್‌ಸಿಂಕ್ ಮಾಡಬೇಕೇ? ಲೆಕ್ಕ ಹಾಕಿದರೆ ಉತ್ತರ ತಾನೇ ಸಿಗುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಅದರಿಂದ ಸೆಕೆಂಡಿಗೆ ಸುಮಾರು 100 ಎಫ್‌ಸಿಂಕ್ ನಿರೀಕ್ಷಿಸಬಹುದು. ದಿನಕ್ಕೆ ಬರುವ 4,800 ಸಾಲಿಗೂ ಒಂದೊಂದು ಎಫ್‌ಸಿಂಕ್ ಮಾಡಿದರೆ ಇಡೀ ದಿನಕ್ಕೆ 48 ಸೆಕೆಂಡಿನ ಖರ್ಚು, ಧಾರಾಳವಾಗಿ ಮಾಡಿ. ಅದೇ ಕೋಡಿನಿಂದ ಹತ್ತು ವರ್ಷದ ಹಳೆಯ ಮಾಹಿತಿಯನ್ನು ಹೊಸ ಫೈಲಿಗೆ ಸುರಿಯಲು ಹೊರಟರೆ ಒಂದು ಮುಕ್ಕಾಲು ಕೋಟಿ ಸಾಲಿಗೆ ಎರಡು ದಿನ ಹಿಡಿಯುತ್ತದೆ. ಅಲ್ಲಿ ಕೊನೆಗೊಮ್ಮೆ ಎಫ್‌ಸಿಂಕ್ ಸಾಕು. ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು ಮಾಡಿದರಾಯಿತು, ಮೂಲ ಎಲ್ಲಿಗೂ ಹೋಗಿಲ್ಲ. ‘ಯಾವುದು ವೇಗ’ ಎಂಬ ಪ್ರಶ್ನೆ ಕೇಳುವ ಮೊದಲು ‘ಏನು ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ’ ಎಂದು ಕೇಳಿಕೊಳ್ಳಬೇಕು.

ಬೇರೆ ಭಾಷೆಗಳಲ್ಲೂ ಕಥೆ ಇದೇ. ಸಿ++ನಲ್ಲಿ ಪ್ರತಿ ಸಾಲಿನ ಕೊನೆಗೆ ‘ಎಂಡ್‌ಎಲ್’ ಹಾಕುವವರು ತಿಳಿಯದೆ ಪ್ರತಿ ಸಾಲಿಗೂ ಫ್ಲಶ್ ಮಾಡುತ್ತಿರುತ್ತಾರೆ. ಜಾವಾದಲ್ಲಿ ಬಫರ್ ಇಲ್ಲದ ಇನ್‌ಪುಟ್ ಸ್ಟ್ರೀಮಿನಿಂದ ಒಂದೊಂದೇ ಬೈಟ್ ಓದಿದರೆ ಪ್ರತಿ ಬೈಟಿಗೂ ಕರ್ನಲ್‌ಗೆ ಒಂದು ಕರೆ. ಈ ಎರಡನ್ನು ಸರಿಪಡಿಸದೆ ‘ಜಾವಾ ನಿಧಾನ’, ‘ಸಿ++ ನಿಧಾನ’ ಎನ್ನುವ ಹೋಲಿಕೆಗಳನ್ನು ನಂಬಬೇಡಿ.

ಎಲ್ಲಿ ಕೂತು ಅಳೆಯುತ್ತೀರಿ ಎಂಬುದೂ ಮುಖ್ಯ. ಫೆಡೋರಾದಂಥ ಕೆಲವು ಲಿನಕ್ಸ್‌ಗಳಲ್ಲಿ ‘ಟೆಂಪ್’ ಫೋಲ್ಡರ್ ಇರುವುದೇ ರ‍್ಯಾಮಿನಲ್ಲಿ. ಅಲ್ಲಿ ಅಳೆದ ಡಿಸ್ಕಿನ ವೇಗಕ್ಕೆ ಅರ್ಥವಿಲ್ಲ. ವಿಂಡೋಸ್ ಒಳಗೆ ಡಬ್ಲ್ಯೂಎಸ್‌ಎಲ್ 2 ಬಳಸುವವರು ಸಿ ಡ್ರೈವಿನ ಫೈಲನ್ನು ಲಿನಕ್ಸ್ ಕಡೆಯಿಂದ ಓದಿದರೆ ನಡುವೆ ಇನ್ನೊಂದು ಪದರ ಬಂದು ನಿಧಾನವಾಗುತ್ತದೆ. ಫೈಲನ್ನು ಲಿನಕ್ಸ್‌ನ ಹೋಂ ಫೋಲ್ಡರಿಗೆ ನಕಲಿಸಿಕೊಂಡು ಅಳೆಯಿರಿ. ಲ್ಯಾಬಿನಲ್ಲಿ ಹೋಂ ಫೋಲ್ಡರ್ ಸರ್ವರಿನಲ್ಲಿದ್ದರೆ ನೀವು ಅಳೆಯುತ್ತಿರುವುದು ನೆಟ್‌ವರ್ಕ್ ಅನ್ನು. ಪೆನ್ ಡ್ರೈವಿನಿಂದ ನೇರವಾಗಿ ಓದಬೇಡಿ. ಲ್ಯಾಪ್‌ಟಾಪಿಗೆ ಚಾರ್ಜರ್ ಹಚ್ಚಿರಬೇಕು, ಬ್ಯಾಟರಿಯಲ್ಲಿ ಪ್ರೊಸೆಸರ್ ವೇಗ ತಗ್ಗಿಸಿಕೊಳ್ಳುತ್ತದೆ. ಎಸ್‌ಎಸ್‌ಡಿಗಳಲ್ಲಿ ಮೊದಲ ಕೆಲವು ಜಿಬಿ ಬರಹ ಚುರುಕಾಗಿದ್ದು, ಒಳಗಿನ ವೇಗದ ಭಾಗ ತುಂಬಿದ ಮೇಲೆ ಇಳಿಯುವುದುಂಟು. ದೊಡ್ಡ ಫೈಲು ಬರೆಯುವವರು ಪರೀಕ್ಷೆಯನ್ನೂ ದೊಡ್ಡದಾಗಿಯೇ ಮಾಡಬೇಕು. ಡಿಸ್ಕಿನ ಮೇಲ್ಮಿತಿ ಎಷ್ಟೆಂದು ‘ಎಫ್‌ಐಒ’ ಸಾಧನದಿಂದ ಮೊದಲು ತಿಳಿದುಕೊಂಡರೆ ನಿಮ್ಮ ಪ್ರೋಗ್ರಾಂ ಅದರಲ್ಲಿ ಎಷ್ಟು ಪಾಲು ಪಡೆಯುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ.

ಪ್ರಾಜೆಕ್ಟ್ ವರದಿ ಬರೆಯುತ್ತಿರುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಬಾರ್ ಚಾರ್ಟಿನ ಕೆಳಗೆ ಯಂತ್ರದ ರ‍್ಯಾಮ್, ಡಿಸ್ಕಿನ ಬಗೆ, ಫೈಲ್ ಸಿಸ್ಟಂ, ಪೈಥಾನಿನ ಆವೃತ್ತಿ, ಫೈಲಿನ ಗಾತ್ರ ಮತ್ತು ಸಾಲುಗಳ ಸಂಖ್ಯೆ, ಕೋಲ್ಡೋ ವಾರ್ಮೋ, ಎಫ್‌ಸಿಂಕ್ ಇತ್ತೋ ಇಲ್ಲವೋ, ಇಷ್ಟನ್ನು ಬರೆಯಿರಿ. ಪರೀಕ್ಷೆಯ ಫೈಲು ತಯಾರಿಸಿದ ಕೋಡನ್ನೂ ಅಳೆದ ಕೋಡನ್ನೂ ವರದಿಯ ಜೊತೆಗೆ ಕೊಡಿ. ಮುಂದಿನ ವರ್ಷ ಅದೇ ಲ್ಯಾಬಿಗೆ ಬರುವವರು ಅದನ್ನು ಮತ್ತೆ ಓಡಿಸಿ, ನಿಮ್ಮ ಅಂಕಿ ಸರಿಯೇ ಎಂದು ತಾವೇ ನೋಡುವಂತಿರಬೇಕು.